ಅವ್ವ ಊರು ಬಿಟ್ಟು ಬರಲೊಲ್ಲಳು

ಮಸ್ಕಿಯಿಂದ ಬೆಂಗಳೂರಿಗೆ ಹೊರಡುವ ರಾತ್ರಿ ಬಸ್ಸಿಗೆ ಇನ್ನೂ ಒಂದು ತಾಸು ಇರುವಾಗ ನಮ್ಮ ಕಡೆಯ ಎಷ್ಟೋ ಮನೆಗಳ ಕಟ್ಟೆಯ ಮೇಲೆ ಒಂದೇ ಮಾತು ನಡೆಯುತ್ತದೆ. ಜಾತ್ರೆಗೆ ಬಂದ ಮಗ ಚೀಲ ಕಟ್ಟಿ ನಿಂತು, "ಯವ್ವಾ, ಈ ಸಲ ನೀನೂ ಬಂದುಬಿಡು" ಅನ್ನುತ್ತಾನೆ. "ಅಲ್ಲಿ ಬಂದು ಗ್ವಾಡಿ ನೋಡಿಕೋತ ಕುಂದ್ರಲೇನಪಾ? ಇಲ್ಲಿ ಇದ್ದಿಯೋ ಸತ್ತಿಯೋ ಅಂತ ಕೇಳಾಕ ನಾಕು ಮಂದಿ ಅದಾರ" ಅನ್ನುತ್ತಾಳೆ ಅವ್ವ. ಮಾತು ಅಲ್ಲಿಗೆ ಮುಗಿಯುತ್ತದೆ. ಮಗ ಬಸ್ಸು ಹತ್ತುತ್ತಾನೆ.

ಅವ್ವ ಹೇಳುವುದರಲ್ಲಿ ತಪ್ಪಿಲ್ಲ. ಕಟ್ಟಡ ಕೆಲಸದ ಶೆಡ್ಡಿನಲ್ಲಿ, ಇಲ್ಲವೇ ಹತ್ತು ಅಡಿ ಅಗಲದ ಬಾಡಿಗೆ ಕೋಣೆಯಲ್ಲಿ ಅವಳಿಗೆ ಕಟ್ಟೆಯೂ ಇಲ್ಲ, ಓಣಿಯೂ ಇಲ್ಲ. ಆದರೆ ಅವಳು ನಂಬಿದ ಆ ನಾಲ್ಕು ಮಂದಿ ಮೊದಲಿನಂತೆ ಊರಲ್ಲಿ ಇದ್ದಾರೆಯೇ ಎಂಬುದು ಬೇರೆ ಪ್ರಶ್ನೆ. ತುಂಗಭದ್ರಾ ಎಡದಂಡೆ ನಾಲೆಯ ನೀರು ಕೊನೆಯ ಭಾಗಕ್ಕೆ ತಲುಪದ ವರ್ಷ, ಲಿಂಗಸುಗೂರು ಕಡೆಯ ತಾಂಡಾಗಳಲ್ಲಿ ಮಳೆ ಕೈಕೊಟ್ಟ ವರ್ಷ, ಓಣಿಗೆ ಓಣಿಯೇ ದುಡಿಯಲು ಹೋಗುತ್ತದೆ. ಉಳಿಯುವವರು ಮುದುಕರು, ಶಾಲೆಗೆ ಹೋಗುವ ಮಕ್ಕಳು, ಬಾಗಿಲಿಗೆ ಹಾಕಿದ ಬೀಗಗಳು.

ವಯಸ್ಸಾದವರು ತಮ್ಮ ಮನೆಯಲ್ಲೇ, ತಮ್ಮ ಊರಲ್ಲೇ ಇದ್ದು ಬಾಳಲು ಬೇಕಾದ ಯೋಜನೆಗಳಿಗೆ ನಮ್ಮಲ್ಲಿ ಬರವಿಲ್ಲ. ತೊಂದರೆ ಎಂದರೆ ಒಂದೊಂದೂ ಒಂದೊಂದು ಬಾಗಿಲಲ್ಲಿ ನಿಂತಿದೆ. ಪಗಾರ ಕಂದಾಯ ಇಲಾಖೆಯದು, ಗುಳಿಗೆ ಆರೋಗ್ಯ ಇಲಾಖೆಯದು, ಅಕ್ಕಿ ಆಹಾರ ಇಲಾಖೆಯದು, ಊರುಗೋಲು ಹಿರಿಯ ನಾಗರಿಕರ ಇಲಾಖೆಯದು. ಮಂಡಿ ಸವೆದ ಎಪ್ಪತ್ತೈದರ ಹೆಂಗಸು ಈ ನಾಲ್ಕು ಬಾಗಿಲು ತಿರುಗಲಾರಳು. ಎಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸಲು ಒಬ್ಬರು ಬೇಕು. ಬಸ್ಸು ಹತ್ತುವ ಮಗ, ಸಿಂಧನೂರಿಗೆ ಕೊಟ್ಟ ಮಗಳು ಅಥವಾ ಪಕ್ಕದ ಮನೆಯ ಹುಡುಗ, ಆ ಒಬ್ಬರು ಯಾರಾದರೂ ಆಗಬಹುದು. ಈ ಬರಹ ಅವರಿಗಾಗಿ.

ಪಗಾರ

ವೃದ್ಧಾಪ್ಯ ವೇತನವನ್ನು ನಮ್ಮ ಕಡೆ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ. "ಪಗಾರ ಬಂತೇನಬೇ?" ಎಂದೇ ಕೇಳುವುದು. 2007ರಲ್ಲಿ ಶುರುವಾದ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ 65 ದಾಟಿದ ಕೃಷಿ ಕೂಲಿಗಳಿಗೆ, ಸಣ್ಣ ಹಿಡುವಳಿದಾರರಿಗೆ, ನೇಕಾರರಿಗೆ, ಅಸಂಘಟಿತ ಕೆಲಸಗಾರರಿಗೆ ತಿಂಗಳಿಗೆ 1,200 ರೂಪಾಯಿ ಸಿಗುತ್ತದೆ. ಕುಟುಂಬದ ವರ್ಷದ ಆದಾಯ 32,000 ರೂಪಾಯಿ ದಾಟಿರಬಾರದು. ಅರ್ಜಿ ಕೊಡುವುದು ನಾಡಕಚೇರಿಯಲ್ಲಿ. ಮನೆಗೆ ಬಂದು ಪರಿಶೀಲಿಸುವವರು ಗ್ರಾಮ ಆಡಳಿತಾಧಿಕಾರಿ, ಅಂದರೆ ಹಿಂದಿನ ಗ್ರಾಮ ಲೆಕ್ಕಿಗರು. ಎರಡು ಪಿಂಚಣಿ ಒಟ್ಟಿಗೆ ಬರುವುದಿಲ್ಲ. ಆದರೆ 800 ರೂಪಾಯಿಯ ವಿಧವಾ ವೇತನ ಪಡೆಯುತ್ತಿದ್ದ ಅವ್ವನಿಗೆ 65 ತುಂಬಿದ್ದರೆ, ಅದನ್ನು ಬದಲಿಸಿಕೊಳ್ಳಲು ಬರುತ್ತದೆಯೇ ಎಂದು ನಾಡಕಚೇರಿಯಲ್ಲಿ ಕೇಳಲು ಮರೆಯಬೇಡಿ. ಹೋದ ದಿನವೇ ಕೇಳಿದರೆ ಇನ್ನೊಂದು ಓಡಾಟ ಉಳಿಯುತ್ತದೆ. ಅವ್ವನೇ ಮನೆಯ ಯಜಮಾನಿಯಾಗಿದ್ದರೆ ಗೃಹಲಕ್ಷ್ಮಿಯ 2,000 ರೂಪಾಯಿಗೆ ಈ ಪಗಾರ ಅಡ್ಡ ಬರುವುದಿಲ್ಲ.

ಪಗಾರ ಮಾಡಿಸಿಕೊಳ್ಳುವುದಕ್ಕಿಂತ ನಿಂತುಹೋದ ಪಗಾರವನ್ನು ಮತ್ತೆ ಬರುವಂತೆ ಮಾಡುವುದೇ ದೊಡ್ಡ ಕೆಲಸ. ಹಲವು ಸಲ ಕಾರಣ ತೀರಾ ಸಣ್ಣದಿರುತ್ತದೆ. ಆಧಾರ್‌ನಲ್ಲಿ ಒಂದು ಹೆಸರು, ಪಾಸ್‌ಬುಕ್ಕಿನಲ್ಲಿ ಇನ್ನೊಂದು. ಇಲ್ಲವೇ ಯಾರೋ ಹೊಸ ಖಾತೆ ತೆರೆಸಿ, ಆಧಾರ್ ಜೋಡಣೆ ಆ ಖಾತೆಗೆ ಹೋಗಿ, ಹಣವೂ ಅಲ್ಲಿಗೆ ಬಿದ್ದು, ಅವ್ವ ಹಳೆಯ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಬ್ಯಾಂಕಿಗೆ ತಿರುಗುತ್ತಿರುತ್ತಾಳೆ. ಬ್ಯಾಂಕಿನಲ್ಲಿ "ದುಡ್ಡು ಬಂದಿಲ್ಲ" ಎಂದಾಗ ಅಲ್ಲಿಗೇ ಬಿಡಬೇಡಿ. "ಈ ಆಧಾರ್‌ಗೆ ಎನ್‌ಪಿಸಿಐ ಮ್ಯಾಪಿಂಗ್ ಯಾವ ಬ್ಯಾಂಕಿಗೆ ಆಗಿದೆ, ನೋಡಿ ಹೇಳಿ" ಎಂದು ಕೇಳಿ. ಆ ಒಂದು ಪ್ರಶ್ನೆಗೆ ಅರ್ಧ ಸಮಸ್ಯೆ ಬಗೆಹರಿಯುತ್ತದೆ. ಕಂದಾಯ ಇಲಾಖೆ 2022ರಲ್ಲಿ ಪಿಂಚಣಿಗೆಂದೇ 155245 ಸಹಾಯವಾಣಿ ಆರಂಭಿಸಿತು. ತಾಲ್ಲೂಕುಗಳಲ್ಲಿ ಪಿಂಚಣಿ ಅದಾಲತ್ ನಡೆಯುವುದೂ ಉಂಟು. ಅದು ಯಾವ ದಿನ ಎಂಬುದನ್ನು ಗ್ರಾಮ ಪಂಚಾಯಿತಿಯಲ್ಲಿ ಕೇಳಿಟ್ಟುಕೊಳ್ಳಿ.

ಹಣ ಖಾತೆಗೆ ಬಿದ್ದ ಮೇಲೆ ಅದು ಕೈಗೆ ಬರಬೇಕು. ಇಲ್ಲಿ ನೆನಪಾಗಬೇಕಾದವನು ಅಂಚೆಯಣ್ಣ. 2018ರಲ್ಲಿ ಇಂಡಿಯಾ ಪೋಸ್ಟ್ ಪೇಮೆಂಟ್ಸ್ ಬ್ಯಾಂಕ್ ಬಂದ ಮೇಲೆ, ಆಧಾರ್ ಜೋಡಿಸಿದ ಯಾವುದೇ ಬ್ಯಾಂಕಿನ ಖಾತೆಯಿಂದ ಹೆಬ್ಬೆಟ್ಟು ಒತ್ತಿಸಿಕೊಂಡು ಮನೆಬಾಗಿಲಲ್ಲೇ ಹಣ ಕೊಡಲು ಅವನಿಗೆ ಬರುತ್ತದೆ. 70 ದಾಟಿದವರಿಗೆ ಬ್ಯಾಂಕುಗಳು ಮನೆಗೇ ಬಂದು ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರಲ್ಲೇ ಹೇಳಿದೆ. ಆದರೂ ನಮ್ಮ ಹಳ್ಳಿಗಳಲ್ಲಿ ನಾನು ನಂಬುವುದು ಅಂಚೆಯಣ್ಣನನ್ನೇ. ಅವನಿಗೆ ಮನೆ ಗೊತ್ತು, ಮನೆಯವರೂ ಗೊತ್ತು.

ಹತ್ತಿ ಬಿಡಿಸಿ, ಕಳೆ ಕಿತ್ತು ಸವೆದ ಬೆರಳನ್ನು ಯಂತ್ರ ಒಪ್ಪುವುದಿಲ್ಲ ಎಂಬುದು ಈ ಭಾಗದ ಹಳೆಯ ಗೋಳು. ರೇಷನ್ ಅಂಗಡಿಯಲ್ಲಿ "ತಂಬ್ ಬರಂಗಿಲ್ಲ, ನಾಳೆ ಬಾ" ಎಂದು ಕಳಿಸಿದರೆ, ತಂಬ್ ಬಾರದವರಿಗೆ ಇರುವ ವಿನಾಯಿತಿಯಲ್ಲಿ ಹೆಸರು ಸೇರಿಸಲು ತಾಲ್ಲೂಕಿನ ಆಹಾರ ನಿರೀಕ್ಷಕರಿಗೆ ಅರ್ಜಿ ಕೊಡಿ. ತೀರಾ ವಯಸ್ಸಾದವರು ಮಾತ್ರ ಇರುವ ಕಾರ್ಡುಗಳಿಗೆ ಧಾನ್ಯವನ್ನು ಮನೆಗೇ ಮುಟ್ಟಿಸುವ ಅನ್ನ ಸುವಿಧಾ ಎಂಬ ಯೋಜನೆಯೂ ಇದೆ. ಅದಕ್ಕೆ ಅವ್ವನ ಕಾರ್ಡು ಬೇರೆಯೇ ಇರಬೇಕಾಗುತ್ತದೆ. ಆದ್ದರಿಂದ ಬೆಂಗಳೂರಿನ ಮಗನ ಹೆಸರು ಅದರಲ್ಲಿ ಇನ್ನೂ ಉಳಿದಿದೆಯೇ ಎಂದು ನೋಡಿ.

ಗುಳಿಗೆ ಮತ್ತು ದವಾಖಾನೆ

ಮಸ್ಕಿಯಲ್ಲಿರುವುದು ಸಮುದಾಯ ಆರೋಗ್ಯ ಕೇಂದ್ರ. ದೊಡ್ಡ ತಾಲ್ಲೂಕು ಆಸ್ಪತ್ರೆಗೆ ಸಿಂಧನೂರಿಗೋ ಲಿಂಗಸುಗೂರಿಗೋ ಹೋಗಬೇಕು. ರಿಮ್ಸ್ ವೈದ್ಯಕೀಯ ಕಾಲೇಜು ಆಸ್ಪತ್ರೆ ಎಂದರೆ ರಾಯಚೂರು, ಸುಮಾರು ಎಂಬತ್ತು ಕಿಲೋಮೀಟರ್. ಮುದುಕರನ್ನು ಮನೆಯಲ್ಲೇ ಚೆನ್ನಾಗಿ ಇಟ್ಟುಕೊಳ್ಳುವುದೆಂದರೆ ಈ ಎಂಬತ್ತು ಕಿಲೋಮೀಟರ್ ಪ್ರಯಾಣ ಬೀಳದಂತೆ ನೋಡಿಕೊಳ್ಳುವುದು. ಅದು ಶುರುವಾಗುವುದು ಬಿ.ಪಿ. ಗುಳಿಗೆ ತಪ್ಪದಂತೆ ನೋಡುವುದರಿಂದ.

ಗುಳಿಗೆ ತಪ್ಪುವ ಬಗೆ ಹೀಗೆ: ತಿಂಗಳಿಗೆ ಕೊಟ್ಟ ಪಟ್ಟಿ ಮುಗಿಯುತ್ತದೆ, ತರಲು ಹೋಗುವವರಿಲ್ಲ, "ಈಗೇನು ಆರಾಮ ಅದೀನಿ" ಎಂದು ಅವ್ವ ಸುಮ್ಮನಾಗುತ್ತಾಳೆ. ಆರು ತಿಂಗಳ ಮೇಲೆ ಒಂದು ಬೆಳಗ್ಗೆ ಬಾಯಿ ಸೊಟ್ಟಗಾಗಿರುತ್ತದೆ. ಇದನ್ನು ತಡೆಯಲೆಂದೇ ರಾಜ್ಯ ಸರ್ಕಾರ 2024ರ ಅಕ್ಟೋಬರಿನಲ್ಲಿ ಕೋಲಾರದಲ್ಲಿ ಗೃಹ ಆರೋಗ್ಯ ಯೋಜನೆ ಆರಂಭಿಸಿ, 2025ರಲ್ಲಿ ಬೇರೆ ಜಿಲ್ಲೆಗಳಿಗೂ ವಿಸ್ತರಿಸಿತು. ಆರೋಗ್ಯ ಸಿಬ್ಬಂದಿ ಮನೆಮನೆಗೆ ಬಂದು 30 ದಾಟಿದವರ ರಕ್ತದೊತ್ತಡ, ಸಕ್ಕರೆ ಪರೀಕ್ಷಿಸಿ ಔಷಧ ಕೊಡುವ ಯೋಜನೆ ಇದು. ಅವರು ಬಂದ ದಿನ ಅವ್ವ ಹೊಲದಲ್ಲಿದ್ದಳೇ, ಮನೆಗೆ ಬೀಗವಿತ್ತೇ ಎಂದು ವಿಚಾರಿಸಿ. ಬಿಟ್ಟುಹೋದ ಮನೆಯನ್ನು ಮತ್ತೆ ಪಟ್ಟಿಗೆ ಸೇರಿಸಬಲ್ಲವಳು ಆಶಾ ಕಾರ್ಯಕರ್ತೆ.

ಆಶಾ ಕಾರ್ಯಕರ್ತೆಯರನ್ನು ಬಾಣಂತಿ ಮತ್ತು ಮಕ್ಕಳ ಕೆಲಸಕ್ಕಷ್ಟೇ ಇರುವವರೆಂದು ನಮ್ಮ ಜನ ತಿಳಿದಿದ್ದಾರೆ. ಅವರು ತುಂಬುವ ಒಂದು ನಮೂನೆಯಲ್ಲಿ 60 ದಾಟಿದವರಿಗೆಂದೇ ಪ್ರಶ್ನೆಗಳಿವೆ: ನಿಂತಾಗ, ನಡೆಯುವಾಗ ಓಲಾಡುತ್ತೀರಾ? ದಿನದ ಕೆಲಸಗಳಿಗೆ ಇನ್ನೊಬ್ಬರ ಸಹಾಯ ಬೇಕೇ? ಮನೆಯವರ ಹೆಸರು, ಮನೆಯ ದಾರಿ ಮರೆಯುತ್ತದೆಯೇ? ಅವ್ವ ಎಲ್ಲದಕ್ಕೂ "ಏನಿಲ್ಲ ತಗಿಬೇ" ಎಂದುಬಿಡುತ್ತಾಳೆ. ಮಗಳಾಗಲಿ, ನೆರೆಯವಳಾಗಲಿ ಪಕ್ಕದಲ್ಲಿ ಕೂತು ಇದ್ದದ್ದನ್ನು ಹೇಳಬೇಕು. ಆ ಹಾಳೆಯ ಮೇಲೆ ಬಿದ್ದ ಗುರುತೇ ಮುಂದಿನ ತಪಾಸಣೆಗೆ ದಾರಿ.

ಮರೆವು, ಮಂಕು, ರಾತ್ರಿ ನಿದ್ದೆ ಬಾರದಿರುವುದು ಎಲ್ಲವನ್ನೂ "ವಯಸ್ಸಾತು" ಎಂಬ ಒಂದೇ ಮೂಟೆಗೆ ಕಟ್ಟಬೇಡಿ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡು 2014ರಿಂದ ಇದೆ. ಮಾತಾಡಬೇಕೆನಿಸಿದರೆ 14416ಕ್ಕೆ ಕರೆ ಮಾಡಿದರಾಯಿತು. ಅದು ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಮಗನೂ ಬೆಂಗಳೂರಿನಿಂದಲೇ ಕರೆ ಮಾಡಬಹುದು.

ಹಲ್ಲಿನ ವಿಷಯವನ್ನು ಯಾರೂ ಎತ್ತುವುದಿಲ್ಲ. ನಮ್ಮದು ಜೋಳದ ರೊಟ್ಟಿ ತಿನ್ನುವ ಸೀಮೆ. ಹಲ್ಲು ಹೋದ ತಾತ ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ಅರ್ಧ ತಿಂದು, ಉಳಿದ ಹೊಟ್ಟೆಗೆ ಚಹಾ ಕುಡಿದು ಮಲಗುತ್ತಾನೆ. ಆರು ತಿಂಗಳಲ್ಲಿ ಸೊರಗಿ, ನಿಂತಲ್ಲೇ ತಲೆ ಸುತ್ತಿ ಬೀಳುತ್ತಾನೆ. ಬಿಪಿಎಲ್ ಕಾರ್ಡಿನ ಹಿರಿಯರಿಗೆ ಪುಕ್ಕಟೆ ಹಲ್ಲಿನ ಸೆಟ್ಟು ಕೊಡುವ ದಂತಭಾಗ್ಯ ಎಂಬ ಯೋಜನೆ 2014ರಲ್ಲಿ ಬಂತು. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರನ್ನು ಕೇಳಿ. ಸೆಟ್ಟು ಸಿಗುವವರೆಗೆ ನುಚ್ಚು ಮಜ್ಜಿಗೆ, ಬೇಳೆ, ಮೆತ್ತಗೆ ಬೇಯಿಸಿದ ಸೊಪ್ಪು ಹೊಟ್ಟೆಗೆ ಹೋಗುತ್ತಿರಲಿ.

ಆಸ್ಪತ್ರೆಗೆ ಸೇರಿಸಲೇಬೇಕಾದಾಗ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಕಾರ್ಡು ಕೈಯಲ್ಲಿರಲಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಅಲ್ಲಿಂದ ಚೀಟಿ ಪಡೆದೇ ಮುಂದಕ್ಕೆ ಹೋಗುವ ಕ್ರಮ ಅದರದ್ದು. ತುರ್ತು ಇದ್ದಾಗ ಮಾತ್ರ ನೇರ ದಾಖಲಾತಿ. ಇದು ತಿಳಿಯದೆ ಸೀದಾ ಖಾಸಗಿ ದವಾಖಾನೆಗೆ ಹೋಗಿ ಎಮ್ಮೆ ಮಾರಿದವರನ್ನು ನಾನು ಕಂಡಿದ್ದೇನೆ.

ಮನೆಯೊಳಗಿನ ಕೆಲಸ

ಮುಂದಿನ ಸಲ ಊರಿಗೆ ಬಂದಾಗ ಅರ್ಧ ದಿನ ಇದಕ್ಕೆ ಕೊಡಿ. ಹಳೆಯ ಮಾಳಿಗೆ ಮನೆಗಳಲ್ಲಿ ಹೊಸ್ತಿಲು ಎತ್ತರ, ಒಳಗೆ ಕತ್ತಲು, ಬಚ್ಚಲು ಮೂಲೆಯಲ್ಲಿ, ಕಾಲಡಿ ಜಾರುವ ಶಹಾಬಾದಿ ಕಲ್ಲು. ಬಚ್ಚಲಿಗೆ ಹೋಗುವ ದಾರಿಯಲ್ಲಿ ರಾತ್ರಿಯಿಡೀ ಉರಿಯುವ ಒಂದು ಸಣ್ಣ ಬಲ್ಬು, ಗೋಡೆಗೆ ಭದ್ರವಾಗಿ ಕೂರಿಸಿದ ಕಬ್ಬಿಣದ ಹಿಡಿಕೆ, ಕಲ್ಲಿನ ಮೇಲೆ ಒರಟು ಗೋಣಿ ಅಥವಾ ರಬ್ಬರ್ ಹಾಸು ಇದ್ದರೆ ಸಾಕು. ಊರಿನ ಗೌಂಡಿಯೇ ಮಾಡಿಕೊಡುವ ಕೆಲಸ. ಕಕ್ಕಸಿನಲ್ಲಿ ಕುಕ್ಕುರುಗಾಲಲ್ಲಿ ಕೂರಲಾರದವರಿಗೆ, ನಡುವೆ ರಂಧ್ರವಿರುವ ಪ್ಲಾಸ್ಟಿಕ್ ಕುರ್ಚಿ ಸಿಂಧನೂರಿನ ಔಷಧ ಅಂಗಡಿಗಳಲ್ಲಿ ಕೇಳಿದರೆ ತರಿಸಿಕೊಡುತ್ತಾರೆ. ಸೊಂಟದ ಮೂಳೆ ಮುರಿದ ಮೇಲೆ ಅವ್ವ ಊರಲ್ಲಿ ಇರುವ ಮಾತೇ ಇಲ್ಲ. ಆದ್ದರಿಂದ ಹಣ ಕಡಿಮೆಯಿದ್ದರೆ ಟಿ.ವಿ. ಬಿಡಿ, ಹಿಡಿಕೆ ಹಾಕಿಸಿ.

ಬೇಸಿಗೆ ಇನ್ನೊಂದು ಕಂಟಕ. ರಾಯಚೂರು ಸೀಮೆಯ ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ವಯಸ್ಸಾದವರಿಗೆ ನೀರಡಿಕೆ ಗೊತ್ತಾಗುವುದೇ ಕಡಿಮೆ. ರಾತ್ರಿ ಏಳಬೇಕಾಗುತ್ತದೆಂದು ಸಂಜೆಯ ಮೇಲೆ ನೀರು ಕುಡಿಯುವುದನ್ನೂ ಬಿಟ್ಟಿರುತ್ತಾರೆ. ತಗಡಿನ ಮನೆಯಾದರೆ ಮಧ್ಯಾಹ್ನದ ಹೊತ್ತು ಅಲ್ಲಿ ಮಲಗಿಸಲೇಬಾರದು. ಗುಡಿಯ ಕಲ್ಲಿನ ಮಂಟಪ, ಬೇವಿನ ಮರದ ಕಟ್ಟೆ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರ, ಎಲ್ಲಾದರೂ ಸರಿ. ಆ ತಿಂಗಳುಗಳಲ್ಲಿ ಮಗ ಫೋನು ಮಾಡುವ ಹೊತ್ತು ರಾತ್ರಿಯಿಂದ ಮಧ್ಯಾಹ್ನಕ್ಕೆ ಬದಲಾಗಲಿ.

ಊರುಗೋಲು ಕೊಡಿಸುವವರು

ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ ಇರುತ್ತಾನೆ. ಊರವರು ವಿ.ಆರ್.ಡಬ್ಲ್ಯು. ಎನ್ನುತ್ತಾರೆ. ಸಾಮಾನ್ಯವಾಗಿ ಅವನೂ ವಿಕಲಚೇತನನೇ, ಗೌರವಧನಕ್ಕೆ ದುಡಿಯುವವನು, ಪಂಚಾಯಿತಿ ಕಚೇರಿಯ ಮೂಲೆಯ ಮೇಜಿನಲ್ಲಿ ಕೂತವನು. ಈ ಇಡೀ ಬರಹದಲ್ಲಿ ಒಬ್ಬರ ನಂಬರನ್ನು ಮಾತ್ರ ಬರೆದಿಟ್ಟುಕೊಳ್ಳುವುದಾದರೆ ಇವನದ್ದನ್ನು ಬರೆದುಕೊಳ್ಳಿ. ಪಾರ್ಶ್ವವಾಯು ಬಡಿದ, ಕಿವಿ ಕೇಳದ, ಕಣ್ಣು ಮಂಜಾದ ಹಿರಿಯರಿಗೆ ವಿಕಲಚೇತನರ ಗುರುತಿನ ಚೀಟಿಗೆ ಅರ್ಜಿ ಹಾಕಿಸುವುದು ಅವನಿಗೆ ಗೊತ್ತು. ನ್ಯೂನತೆ ಶೇ 40ರಷ್ಟಿದ್ದರೆ ಆ ಚೀಟಿ ಸಿಗುತ್ತದೆ. ಪಂಚಾಯಿತಿ ತನ್ನ ಸ್ವಂತ ವರಮಾನದಲ್ಲಿ ಶೇ 5ನ್ನು ವಿಕಲಚೇತನರಿಗೆಂದೇ ಖರ್ಚು ಮಾಡಬೇಕು. ಚೀಟಿ ಇದ್ದರೆ ವಾಕರ್‌ಗೋ ಗಾಲಿ ಕುರ್ಚಿಗೋ ಆ ಹಣದಲ್ಲಿ ಕೇಳಬಹುದು. ಚೀಟಿ ಇಲ್ಲದ ಬಡ ಹಿರಿಯರಿಗೆ ಕೇಂದ್ರದ ವಯೋಶ್ರೀ ಯೋಜನೆ ಇದೆ. 2017ರಲ್ಲಿ ಶುರುವಾದ ಅದು ಶಿಬಿರಗಳ ಮೂಲಕ ಊರುಗೋಲು, ಶ್ರವಣ ಸಾಧನ, ಕನ್ನಡಕ ಕೊಡುತ್ತದೆ. ಶಿಬಿರದ ಸುದ್ದಿ ಮೊದಲು ಮುಟ್ಟುವುದೂ ಈ ಕಾರ್ಯಕರ್ತನಿಗೇ.

ಓಣಿಯ ಮುಯ್ಯಿ

ಇಷ್ಟೆಲ್ಲ ಆದರೂ ಬೆಳಗ್ಗೆ ಅವ್ವನ ಬಾಗಿಲು ತೆರೆದಿದೆಯೇ ಎಂದು ನೋಡುವ ಇಲಾಖೆ ಯಾವುದೂ ಇಲ್ಲ. ಅದು ಓಣಿಯ ಕೆಲಸ.

ಅಮೆರಿಕದ ಬಾಸ್ಟನ್ ನಗರದ ಬೀಕನ್ ಹಿಲ್ ಎಂಬ ಬಡಾವಣೆಯ ಹಿರಿಯರು 2002ರಲ್ಲಿ ತಮ್ಮದೇ ಒಂದು ಸಂಘ ಆರಂಭಿಸಿದರು. ಚಂದಾ ಕಟ್ಟಿದವರಿಗೆ ಆಸ್ಪತ್ರೆಗೆ ಕರೆದೊಯ್ಯುವುದು, ಬಲ್ಬು ಬದಲಿಸುವುದು, ಜತೆಗೆ ಕೂತು ಮಾತಾಡುವುದು ಎಲ್ಲವೂ ಸಿಗುತ್ತದೆ. ನಮ್ಮ ಓಣಿ ಪುಕ್ಕಟೆ ಕೊಡುತ್ತಿದ್ದದ್ದನ್ನು ಅವರು ಚಂದಾ ಹಾಕಿ ಕಟ್ಟಿಕೊಂಡರು ಎಂದು ನಗಬಹುದು. ಆದರೆ ಅವರದ್ದು ಪುಸ್ತಕದಲ್ಲಿ ಬರೆದಿಟ್ಟ ಕೆಲಸ, ನಮ್ಮದು ಯಾರಿಗೆ ನೆನಪಾಗುತ್ತದೋ ಅವರ ಕೆಲಸ. ನಮಗೆ ಹತ್ತಿರದ ಮಾದರಿ ಕೇರಳದ್ದು. ಕೋಳಿಕ್ಕೋಡಿನಲ್ಲಿ 1993ರಲ್ಲಿ ಶುರುವಾದ ನೋವು ಶಮನದ ಸೇವೆ ಮುಂದೆ ಮಲಪ್ಪುರಂ ಜಿಲ್ಲೆಯ ಹಳ್ಳಿಗಳಲ್ಲಿ ನೆರೆಹೊರೆಯವರ ಜಾಲವಾಗಿ ಬೆಳೆಯಿತು. ಅಂಗಡಿಯವರು, ಮೇಷ್ಟ್ರು, ಕಾಲೇಜು ಹುಡುಗರು ವಾರಕ್ಕೆ ಕೆಲವು ತಾಸು ಹಾಸಿಗೆ ಹಿಡಿದವರ ಮನೆಗೆ ಹೋದರು. 2008ರಲ್ಲಿ ಕೇರಳ ಸರ್ಕಾರ ಅದನ್ನೇ ನೀತಿಯಾಗಿ ಒಪ್ಪಿತು. ಮನೆಗೆ ಹೋಗುವ ನರ್ಸನ್ನು ಪಂಚಾಯಿತಿಗಳು ಇಟ್ಟುಕೊಂಡವು.

ನಮ್ಮಲ್ಲಿ ಅದಕ್ಕೆ ಬೇಕಾದ ಪದವೇ ಇದೆ: ಮುಯ್ಯಾಳು. ನಿನ್ನ ಹೊಲಕ್ಕೆ ನಾನು ಬಂದರೆ ನನ್ನ ಹೊಲಕ್ಕೆ ನೀನು. ಸುಗ್ಗಿಯಲ್ಲಿ ತಾಯಂದಿರು ಹತ್ತಿ ಬಿಡಿಸಲು ಹೋದಾಗ ಓಣಿಯ ಮಕ್ಕಳನ್ನು ನೋಡಿಕೊಳ್ಳುವವಳು ಕಟ್ಟೆಯ ಮೇಲಿನ ಈ ಅವ್ವನೇ. ಬದಲಿಗೆ ಅವಳಿಗೆ ಎರಡು ಕೊಡ ನೀರು, ನಾಲ್ಕು ರೊಟ್ಟಿ. ಇದನ್ನು ದಯೆ ಎಂದರೆ ಅವ್ವ ಒಪ್ಪುವುದಿಲ್ಲ, ಮುಯ್ಯಿ ಎಂದರೆ ಒಪ್ಪುತ್ತಾಳೆ. ಇರುವ ಈ ಲೆಕ್ಕವನ್ನೇ ಸ್ವಲ್ಪ ಗಟ್ಟಿ ಮಾಡಬೇಕು. ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳು ವಾರಕ್ಕೊಮ್ಮೆ ಸೇರುತ್ತವೆ. ಉಳಿತಾಯದ ಪುಸ್ತಕದ ಕೊನೆಯ ಹಾಳೆಯಲ್ಲಿ ಓಣಿಯ ಒಂಟಿ ಹಿರಿಯರ ಹೆಸರು ಬರೆದು, ಈ ವಾರ ಯಾರ ಮನೆಗೆ ಯಾರು ಹಣಿಕಿ ಹಾಕುವವರು ಎಂದು ಹಂಚಿಕೊಂಡರೆ ಸಾಕು. ಯಾರ ಗುಳಿಗೆ ಮುಗಿದಿದೆ, ಯಾರ ಪಗಾರ ನಿಂತಿದೆ ಎಂಬುದೂ ಆ ಹಾಳೆಗೇ ಬರಲಿ. ದವಾಖಾನೆಗೆ ಹೋಗುವ ದಿನ ಇಬ್ಬರು ಮೂವರು ಒಟ್ಟಿಗೆ ಹೋಗಲಿ. ಹೆಂಗಸರಿಗೆ ಶಕ್ತಿ ಯೋಜನೆಯ ಬಸ್ಸು ಪುಕ್ಕಟೆ, 60 ದಾಟಿದ ಗಂಡಸರಿಗೆ ಟಿಕೆಟ್ಟಿನಲ್ಲಿ ಶೇ 25 ರಿಯಾಯಿತಿ.

ಮಗನಿಗೆ ಒಂದು ಮಾತು. ನೆರೆಯವಳ ಒಳ್ಳೆಯತನದ ಮೇಲೆಯೇ ಎಲ್ಲ ಭಾರ ಹಾಕಬೇಡಿ. ಅವ್ವನಿಗೆಂದು ಕಳಿಸುವ ಹಣದಲ್ಲಿ ಒಂದು ಪಾಲು, ಐದುನೂರೋ ಸಾವಿರವೋ, ಪ್ರತಿ ತಿಂಗಳು ನೇರ ಆ ನೆರೆಯವಳ ಖಾತೆಗೆ ಹೋಗಲಿ. "ಬ್ಯಾಡಪಾ" ಎಂದು ಅವಳು ಎರಡು ಸಲ ಹೇಳುತ್ತಾಳೆ. ಮೂರನೆಯ ಸಲ ಕೇಳಿ.

ಹೊಲ ಬರೆದುಕೊಡುವ ಮುಂಚೆ

ಮಸ್ಕಿ ಎಂದ ಕೂಡಲೇ ಅಶೋಕನನ್ನು ಕರೆತರುವುದು ನಮ್ಮಂಥ ಬರಹಗಾರರ ಚಟ. ತಂದೆ ತಾಯಿಯ ಮಾತು ಕೇಳಬೇಕೆಂದು ಅವನು ಬರೆಸಿದ್ದು ನಿಜ. ಆದರೆ ಆ ಸಾಲುಗಳಿರುವುದು ಬ್ರಹ್ಮಗಿರಿಯಂಥ ಕಡೆಯ ಬಂಡೆಗಳ ಮೇಲೆ. 1915ರಲ್ಲಿ ಸಿಕ್ಕ ಮಸ್ಕಿಯ ಬಂಡೆಯ ಮೇಲೆ ಅವನ ಹೆಸರಿದೆ, ಆ ಮಾತಿಲ್ಲ. ಆ ಕೊರತೆಯನ್ನು ತುಂಬಲು 2007ರ ಕಾಯ್ದೆಯೇ ಬರಬೇಕಾಯಿತು.

ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆಯಡಿ, ನೋಡಿಕೊಳ್ಳದ ಮಕ್ಕಳ ಮೇಲೆ ತಾಯಿ ತಂದೆ ಅರ್ಜಿ ಕೊಡಬಹುದು. ಮಕ್ಕಳಿಲ್ಲದವರು ತಮ್ಮ ಆಸ್ತಿಗೆ ವಾರಸುದಾರರಾಗುವ ಸಂಬಂಧಿಕರ ಮೇಲೆ ಕೊಡಬಹುದು. ಮಸ್ಕಿ, ಸಿಂಧನೂರು, ಲಿಂಗಸುಗೂರಿನವರಿಗೆ ಆ ನ್ಯಾಯಮಂಡಳಿ ಇರುವುದು ಲಿಂಗಸುಗೂರಿನ ಉಪವಿಭಾಗಾಧಿಕಾರಿಯವರಲ್ಲಿ. ವಕೀಲರು ಬೇಕಿಲ್ಲ. ನೋಟಿಸ್ ಹೋದ 90 ದಿನಗಳಲ್ಲಿ ತೀರ್ಮಾನವಾಗಬೇಕು. ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ಅವ್ವನ ಪರವಾಗಿ ಅವಳು ಒಪ್ಪಿದ ಇನ್ನೊಬ್ಬರು ಅಥವಾ ಒಂದು ಸಂಸ್ಥೆಯೂ ಅರ್ಜಿ ಹಾಕಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು 23ನೇ ಕಲಂ. ನೋಡಿಕೊಳ್ಳುವ ಷರತ್ತಿನ ಮೇಲೆ ಹೊಲ ಮನೆ ಬರೆಸಿಕೊಂಡು ಕೈಬಿಟ್ಟರೆ ಆ ದಾನಪತ್ರವನ್ನೇ ರದ್ದು ಮಾಡಿಸಲು ಬರುತ್ತದೆ. ಆದರೆ ಷರತ್ತು ಪತ್ರದಲ್ಲಿ ಇರಬೇಕು ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಇನ್ನೊಂದು ತೀರ್ಪು ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದಿತು. ಕೋರ್ಟಿನ ಉದಾರತೆಗೆ ಕಾಯುವುದಕ್ಕಿಂತ, ನೋಂದಣಿ ಕಚೇರಿಯಲ್ಲಿ ಪತ್ರ ಬರೆಯುವವರಿಗೆ "ನನ್ನ ಊಟ, ಬಟ್ಟೆ, ಔಷಧ ನೋಡಿಕೊಳ್ಳುವ ಷರತ್ತಿನ ಮೇಲೆ" ಎಂಬ ಒಂದು ಸಾಲು ಸೇರಿಸಲು ಹೇಳಿ. ಹೇಳಿದರೆ ಮಗನಿಗೆ ಬೇಜಾರಾಗಬಹುದು. ಆಗಲಿ.

ಜಗಳ, ಹೊಡೆತ, ಊಟ ಹಾಕದಿರುವುದು, ಇಂಥವಕ್ಕೆ 14567 ಎಂಬ ಹಿರಿಯರ ಸಹಾಯವಾಣಿ ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಇದೆ. ನೆರೆಯವರೂ ಕರೆ ಮಾಡಬಹುದು. ಒಂಟಿಯಾಗಿರುವ ಹಿರಿಯರ ಪಟ್ಟಿ ಪೊಲೀಸ್ ಠಾಣೆಯಲ್ಲಿ ಇರಬೇಕು, ಅವರನ್ನು ತಿಂಗಳಿಗೊಮ್ಮೆ ಭೇಟಿ ಮಾಡಬೇಕು ಎಂದು ಈ ಕಾಯ್ದೆಗೆ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳು ಹೇಳುತ್ತವೆ. ನಿಮ್ಮ ಬೀಟ್ ಪೊಲೀಸರಿಗೆ ಅವ್ವನ ಹೆಸರು ಕೊಟ್ಟು ಬನ್ನಿ.

ಇನ್ನು ಬಸ್ಸಿಗೆ ಹೊತ್ತಾಯಿತು. ಹೊರಡುವ ಮುಂಚೆ ಆಧಾರ್, ರೇಷನ್ ಕಾರ್ಡು, ಪಾಸ್‌ಬುಕ್, ವೈದ್ಯರ ಚೀಟಿ ಎಲ್ಲವನ್ನೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಜಗುಲಿಯ ಗೂಟಕ್ಕೆ ತೂಗುಹಾಕಿ. ಅದು ಎಲ್ಲಿದೆ ಎಂದು ಪಕ್ಕದ ಮನೆಯವರಿಗೂ ತೋರಿಸಿ. ಅವ್ವನಿಗೆ ಓದಲು ಬಾರದಿದ್ದರೆ ಗೋಡೆಯ ಮೇಲಿನ ನಂಬರುಗಳಿಂದ ಏನೂ ಆಗದು. ಅವಳ ಗುಂಡಿಯ ಫೋನಿನಲ್ಲಿ 2 ಒತ್ತಿ ಹಿಡಿದರೆ ಪಕ್ಕದ ಮನೆಗೆ, 3 ಒತ್ತಿದರೆ ಆಶಾ ಕಾರ್ಯಕರ್ತೆಗೆ, 4 ಒತ್ತಿದರೆ ನಿಮಗೆ ಹೋಗುವಂತೆ ಜೋಡಿಸಿ. ನಿಮ್ಮ ನಂಬರು ಕೊನೆಯದಾಗಿರಲಿ, ಬೆಂಗಳೂರಿನಿಂದ ನೀವು ಬರುವ ಹೊತ್ತಿಗೆ ಬೆಳಗಾಗಿರುತ್ತದೆ. 2ರ ಗುಂಡಿಯ ಮೇಲೆ ಉಗುರು ಬಣ್ಣದ ಒಂದು ಕೆಂಪು ಚುಕ್ಕಿ ಇಟ್ಟು, ಅವಳ ಕೈಯಿಂದಲೇ ಒತ್ತಿಸಿ. ಪಕ್ಕದ ಮನೆಯಲ್ಲಿ ಫೋನು ರಿಂಗಾಗುವುದು ಕಟ್ಟೆಯ ಮೇಲೆ ಕೂತ ಇಬ್ಬರಿಗೂ ಕೇಳಿಸಬೇಕು.